ಕಬಡ್ಡಿ: ಹಿರಿಯ ಆಟಗಾರರಿಗೆ ಹೆಚ್ಚು ಬೆಲೆ ಕೊಡಬೇಕೇ?

ಡಫಳಾಪುರ: ಗಡಿಭಾಗದ ಜತ್ ತಾಲ್ಲೂಕಿನ ಕಬಡ್ಡಿ ಪ್ರಿಯರಿಗೆ ಪ್ರೊ ಕಬಡ್ಡಿಯಲ್ಲಿ ಎರಡು ತಂಡಗಳು ಹತ್ತಿರದವು: ಬೆಂಗಳೂರು ಬುಲ್ಸ್ ಮತ್ತು ಪುಣೇರಿ ಪಲ್ಟನ್. ತಂಡವನ್ನು ಹೊಸದಾಗಿ ಕಟ್ಟುವಾಗ ಹೆಸರಾಂತ ಹಿರಿಯರಿಗೆ ಹಣ ಸುರಿಯಬೇಕೇ ಎಂಬ ಪ್ರಶ್ನೆಗೆ ಇವೆರಡರಲ್ಲೇ ಉತ್ತರವಿದೆ.

2024ರ ಹರಾಜಿನಲ್ಲಿ ಬುಲ್ಸ್ ತಂಡ ಪ್ರದೀಪ್ ನರ್ವಾಲ್ ಅವರನ್ನು 70 ಲಕ್ಷ ರೂಪಾಯಿಗೆ ಕೊಂಡಿತು. ಅವರು 1,600ಕ್ಕೂ ಹೆಚ್ಚು ರೇಡ್ ಅಂಕ ಗಳಿಸಿದ್ದ ದಾಖಲೆ ವೀರ. ಆದರೂ ಆ ಸಲ ಬುಲ್ಸ್ 12 ತಂಡಗಳಲ್ಲಿ ಕೊನೆಯದಾಯಿತು. ಸೋಲಿಗೆ ಒಬ್ಬರೇ ಕಾರಣರಲ್ಲ, ನಿಜ. ಆದರೆ 2025ರ ಹರಾಜಿನಲ್ಲಿ ಪ್ರದೀಪ್ ಅವರನ್ನು ಯಾರೂ ಕೊಳ್ಳಲಿಲ್ಲ. ಅವರು ನಿವೃತ್ತಿ ಘೋಷಿಸಿದರು.

ಪಲ್ಟನ್ ಹಿಡಿದ ದಾರಿಯೇ ಬೇರೆ. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಅವರಂಥ ಯುವಕರನ್ನು ಮೊದಲು ಬೆಳೆಸಿತು. ಬುನಾದಿ ಗಟ್ಟಿಯಾದ ಮೇಲೆ, 2023ರಲ್ಲಿ, ಇರಾನಿನ ಯುವ ಆಟಗಾರ ಶಾದ್ಲೂಯಿಗೆ 2.35 ಕೋಟಿ ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಪ್ರಶಸ್ತಿ ಗೆದ್ದಿತು.

ಆ ಹರಾಜುಗಳಲ್ಲಿ ಪ್ರತಿ ತಂಡಕ್ಕೆ ಇದ್ದ ಮಿತಿ 5 ಕೋಟಿ. ಒಬ್ಬರಿಗೆ ಹೆಚ್ಚು ಕೊಟ್ಟರೆ ಉಳಿದವರ ಪಾಲು ಕಡಿಮೆಯಾಗುತ್ತದೆ. ಅಂಗಣಕ್ಕೆ ಇಳಿಯುವವರು ಮಾತ್ರ ಏಳು ಮಂದಿ. ಎಳೆಯರಿಗೆ ಹೇಳಿಕೊಡಲು ಹಿರಿಯರು ಬೇಕು. ಆದರೆ ಬೆಲೆ ಕಟ್ಟಬೇಕಾದ್ದು ಹಿಂದಿನ ಹೆಸರಿಗಲ್ಲ, ಮುಂದಿನ ಆಟಕ್ಕೆ.