ಮೆದುಳಿಗೂ ಬೈಪಾಸ್: ಯಾರಿಗೆ ಬೇಕು, ಯಾರಿಗೆ ಬೇಡ?

ಹೃದಯದ ಬೈಪಾಸ್ ಈಗ ಮನೆಮಾತು. ಸಂಘದ ಸಮಾರಂಭದಲ್ಲಿ ನಾಲ್ಕು ಹಿರಿಯರು ಒಟ್ಟು ಸೇರಿದರೆ ಆ ಮಾತು ಬಂದೇ ಬರುತ್ತದೆ. ಆದರೆ ಮೆದುಳಿಗೂ ಬೈಪಾಸ್ ಉಂಟೆಂಬುದು ಅನೇಕರಿಗೆ ತಿಳಿಯದು. ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದಾಗ ಈ ಸುದ್ದಿ ಕಿವಿಗೆ ಬಿದ್ದರೆ, ಸಾಲ ಮಾಡಿಯಾದರೂ ಮಾಡಿಸೋಣ ಎಂದು ಮನಸ್ಸು ಓಡುವುದು ಸಹಜ. ಎಚ್ಚರ ಬೇಕಾದದ್ದು ಅಲ್ಲಿಯೇ.

ಕಿವಿಯ ಮುಂದೆ ಬೆರಳಿಟ್ಟರೆ ನಾಡಿಯೊಂದು ಮಿಡಿಯುತ್ತದೆ. ಅದು ನೆತ್ತಿಯ ಚರ್ಮಕ್ಕೆ ರಕ್ತ ಒಯ್ಯುವ ನಾಳ. ಅದನ್ನು ಬಿಡಿಸಿ, ತಲೆಬುರುಡೆಯಲ್ಲಿ ಕಿಂಡಿ ತೆರೆದು, ಮೆದುಳಿನ ಮೇಲಿನ ನಾಳಕ್ಕೆ ಜೋಡಿಸುವುದೇ ಈ ಶಸ್ತ್ರಚಿಕಿತ್ಸೆ. ನಾಳದ ಅಗಲ ಸುಮಾರು 1 ಮಿಲಿಮೀಟರ್. ಹೊಲಿಯುವ ದಾರ ತಲೆಗೂದಲಿಗಿಂತಲೂ ತೆಳು. ಎಲ್ಲವೂ ಮೈಕ್ರೋಸ್ಕೋಪಿನಡಿಯಲ್ಲೇ ನಡೆಯಬೇಕು.

ಇದರ ಆದ್ಯರು ಟರ್ಕಿಯಲ್ಲಿ ಹುಟ್ಟಿದ ಡಾ. ಗಾಜಿ ಯಾಸರ್‌ಗಿಲ್. ಅಮೆರಿಕದ ಬರ್ಲಿಂಗ್ಟನ್‌ನಲ್ಲಿ ಡಾ. ಡೊನಾಘಿಯವರ ಪ್ರಯೋಗಾಲಯದಲ್ಲಿ ಪ್ರಾಣಿಗಳ ಮೇಲೆ ಕೈ ಪಳಗಿಸಿಕೊಂಡ ಅವರು, 1967ರ ಅಕ್ಟೋಬರ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಜೂರಿಕ್‌ನಲ್ಲಿ ರೋಗಿಯೊಬ್ಬರಿಗೆ ಇದನ್ನು ಮಾಡಿದರು. ಮುಂದೆ ಹಲವು ದೇಶಗಳಿಗೆ ಇದು ಹರಡಿತು.

ಆದರೆ 1985ರಲ್ಲಿ 1,377 ರೋಗಿಗಳ ಅಧ್ಯಯನದ ಫಲಿತಾಂಶ ಹೊರಬಂದಾಗ, ಲಕ್ವ ತಡೆಯಲು ಔಷಧಿಗಿಂತ ಬೈಪಾಸ್ ಮೇಲೆಂದು ಕಂಡುಬರಲಿಲ್ಲ. 2011ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನವನ್ನು ನಡುವೆಯೇ ನಿಲ್ಲಿಸಲಾಗಿತ್ತು. ಅದರಲ್ಲಿ ಮೊದಲ 30 ದಿನಗಳಲ್ಲಿ ಲಕ್ವಕ್ಕೆ ತುತ್ತಾದವರು ಬೈಪಾಸ್ ಗುಂಪಿನಲ್ಲಿ ನೂರಕ್ಕೆ 14, ಔಷಧಿಯ ಗುಂಪಿನಲ್ಲಿ ನೂರಕ್ಕೆ 2. 2023ರ ಚೀನಾದ ಅಧ್ಯಯನವೂ ಒಟ್ಟಾರೆ ಲಾಭ ತೋರಿಸಲಿಲ್ಲ. ಆದ್ದರಿಂದ ಕೊಬ್ಬು ಕಟ್ಟಿ ನಾಳ ಮುಚ್ಚಿದವರಿಗೆಲ್ಲ ಇದು ಮದ್ದಲ್ಲ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಹತೋಟಿ, ವೈದ್ಯರು ಬರೆದ ಮಾತ್ರೆ, ಬೀಡಿ-ಸಿಗರೇಟಿಗೆ ವಿದಾಯ ಇವೇ ಅವರಿಗೆ ಮುಖ್ಯ.

ಹಾಗಾದರೆ ಯಾರಿಗೆ ಬೇಕು? ಮುಖ್ಯವಾಗಿ 'ಮೊಯಮೊಯ' ರೋಗದವರಿಗೆ. ಈ ಜಪಾನಿ ಮಾತಿಗೆ ಹೊಗೆಯಂತೆ ಮಸುಕು ಎಂದರ್ಥ. ಮೆದುಳಿನ ದೊಡ್ಡ ನಾಳಗಳು ಕ್ರಮೇಣ ಕಿರಿದಾಗಿ, ಬದಲಿಗೆ ಬೆಳೆದ ಎಳೆನಾಳಗಳು ಚಿತ್ರದಲ್ಲಿ ಹೊಗೆಯಂತೆ ಕಾಣುತ್ತವೆ. 1969ರಲ್ಲಿ ಜಪಾನಿನ ವೈದ್ಯರಾದ ಸುಜುಕಿ ಮತ್ತು ತಕಾಕು ಇದಕ್ಕೆ ಈ ಹೆಸರಿಟ್ಟರು. ಜಪಾನಿನಲ್ಲಿ ಹೆಚ್ಚಾದರೂ ನಮ್ಮ ದೇಶದಲ್ಲೂ ಇದೆ. ಮಕ್ಕಳನ್ನೂ ಬಿಡದು.

ಮಗು ಬಿಕ್ಕಿ ಬಿಕ್ಕಿ ಅತ್ತಾಗ, ಬಲೂನು ಊದಿದಾಗ, ಬಿಸಿ ಊಟವನ್ನು ಊದಿ ಆರಿಸುವಾಗ ಒಂದು ಕೈ ಸೋತು ಹೋಗಬಹುದು ಇಲ್ಲವೇ ಮಾತು ತೊದಲಬಹುದು. ಸ್ವಲ್ಪ ಹೊತ್ತಿಗೆ ಸರಿಯಾಗುತ್ತದೆ. ಉಸಿರು ಜೋರಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮೆದುಳಿನ ನಾಳಗಳು ಇನ್ನಷ್ಟು ಕುಗ್ಗುವುದೇ ಕಾರಣ. "ಶಾಲೆಗೆ ಹೋಗಲು ಸೋಮಾರಿತನ, ನಾಟಕ" ಎಂದು ಗದರಿಸಿ ಸುಮ್ಮನಾಗದೆ ನರರೋಗ ತಜ್ಞರಿಗೆ ತೋರಿಸಬೇಕು. ಇಂಥ ಮಕ್ಕಳಿಗೆ ಬೈಪಾಸ್ ಮುಂದಿನ ಲಕ್ವವನ್ನು ತಡೆಯಬಲ್ಲದು. ಮೊಯಮೊಯದಿಂದ ಮೆದುಳಿನಲ್ಲಿ ರಕ್ತಸ್ರಾವವಾದ ವಯಸ್ಕರಲ್ಲೂ ಇದು ಮರುಸ್ರಾವ ಕಡಿಮೆ ಮಾಡುತ್ತದೆಂದು 2014ರ ಜಪಾನಿ ಅಧ್ಯಯನ ತಿಳಿಸಿತು.

ಇನ್ನೊಂದು ಮಾತು. ಮುಖ ಓರೆಯಾದರೆ, ಕೈ ಎತ್ತಲಾಗದಿದ್ದರೆ, ಮಾತು ತಡವರಿಸಿದರೆ ಬೈಪಾಸಿನ ಚರ್ಚೆಗೆ ಅದು ಹೊತ್ತಲ್ಲ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಕಾಲಾವಕಾಶ ನಾಲ್ಕೂವರೆ ಗಂಟೆ. ಮಹಾನಗರದ ಟ್ರಾಫಿಕ್ಕಿನಲ್ಲಿ ಅದು ದೊಡ್ಡ ಸಮಯವೇನಲ್ಲ. ಸಿ.ಟಿ. ಸ್ಕ್ಯಾನ್ ಮತ್ತು ಈ ಚಿಕಿತ್ಸೆ ದಿನವಿಡೀ ಸಿಗುವ ಹತ್ತಿರದ ಆಸ್ಪತ್ರೆ ಯಾವುದೆಂದು ಇಂದೇ ತಿಳಿದಿಟ್ಟುಕೊಳ್ಳುವುದು ಒಳಿತು.