ನಿವೇಶನವು ನೆರೆಯ ಹಾದಿಯಲ್ಲಿದೆಯೇ? ಪರವಾನಗಿಗೆ ಮುನ್ನ ಪರಿಶೀಲಿಸಬೇಕಾದ ಸಂಗತಿಗಳು

ಮನೆ ಕಟ್ಟಲು ಹೊರಟವರು ಸದಸ್ಯರನ್ನು ಆಗಾಗ್ಗೆ ಕೇಳುವ ಪ್ರಶ್ನೆಯೊಂದಿದೆ: ನಮ್ಮ ನಿವೇಶನ ಪ್ರವಾಹ ವಲಯಕ್ಕೆ ಸೇರಿದೆಯೇ, ಇದ್ದರೆ ಅದನ್ನು ಯಾವ ದಾಖಲೆ ಹೇಳುತ್ತದೆ? ನೇರವಾದ ಉತ್ತರವೆಂದರೆ, ಹಾಗೆಂದು ಹೇಳುವ ಒಂದು ದಾಖಲೆ ನಮ್ಮಲ್ಲಿಲ್ಲ. ನಮೂನೆ 9ರಲ್ಲಾಗಲಿ ನಮೂನೆ 11ರಲ್ಲಾಗಲಿ ಅಳತೆ, ಚಕ್ಕುಬಂದಿಗಳು ಇರುತ್ತವೆ. ನೀರು ಎಲ್ಲಿಯವರೆಗೆ ಬರುತ್ತದೆಂಬುದು ಇರುವುದಿಲ್ಲ.

ಕೇಂದ್ರ ಜಲ ಆಯೋಗವು 1975ರಲ್ಲಿಯೇ ಪ್ರವಾಹ ಬಯಲುಗಳನ್ನು ವಲಯಗಳಾಗಿ ವಿಂಗಡಿಸುವ ಮಾದರಿ ವಿಧೇಯಕವೊಂದನ್ನು ರಾಜ್ಯಗಳಿಗೆ ಕಳುಹಿಸಿತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂತಹ ಕೆಲವೇ ರಾಜ್ಯಗಳು ಅದರಂತೆ ಕಾನೂನು ಮಾಡಿದವು. ಕರ್ನಾಟಕದಲ್ಲಿ ಅಂತಹ ಪ್ರತ್ಯೇಕ ಅಧಿನಿಯಮವಿಲ್ಲ. ಆದಕಾರಣ ನಮ್ಮ ಜಿಲ್ಲೆಯಲ್ಲಿ ಮಹಾಯೋಜನೆ, ಕೆರೆ ಮತ್ತು ರಾಜಕಾಲುವೆಗಳ ಮೀಸಲು ಅಂಚು, ಗ್ರಾಮ ನಕ್ಷೆ ಈ ಮೂರನ್ನೂ ಒಟ್ಟಿಗಿಟ್ಟು ಓದಿದಾಗ ಮಾತ್ರ ಚಿತ್ರ ಸ್ಪಷ್ಟವಾಗುತ್ತದೆ.

ಜಿಲ್ಲೆಯಲ್ಲಿ ನೆರೆ ಎರಡು ಬಗೆಯದು. ಒಂದು ನದಿಯದು. ಕಬಿನಿ ಜಲಾಶಯದ ಗರಿಷ್ಠ ಮಟ್ಟ 2,284 ಅಡಿ, ಸಂಗ್ರಹ ಸಾಮರ್ಥ್ಯ ಸುಮಾರು 19.5 ಟಿಎಂಸಿ ಮಾತ್ರ. ವಯನಾಡಿನಲ್ಲಿ ಮಳೆ ಜೋರಾದಾಗ ತುಂಬಿದ ಜಲಾಶಯಕ್ಕೆ ಬಂದ ನೀರನ್ನು ಬಂದಷ್ಟೇ ಹೊರಬಿಡದೆ ಗತ್ಯಂತರವಿಲ್ಲ. 2018 ಮತ್ತು 2019ರ ಮಳೆಗಾಲಗಳಲ್ಲಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದ್ದು, ಮಲ್ಲನಮೂಲೆಯ ಬಳಿ ಹೆದ್ದಾರಿ ಮುಳುಗಿದ್ದು, ಸುತ್ತೂರು ಸೇತುವೆಯ ಮೇಲೆ ನದಿ ಹರಿದದ್ದು ಸದಸ್ಯರಿಗೆ ನೆನಪಿರಬಹುದು.

ಇನ್ನೊಂದು ನದಿಯೇ ಇಲ್ಲದ ಕಡೆ ಬರುವ ನೆರೆ. ಮೈಸೂರಿನ ಕುವೆಂಪುನಗರವನ್ನು ನೋಡಿ: ಹತ್ತಿರದಲ್ಲಿ ಹೊಳೆಯಿಲ್ಲ. ಆದರೆ ಮನೆಗಳ ಚಾವಣಿ, ಡಾಂಬರು ರಸ್ತೆ, ಕಾಂಕ್ರೀಟು ಅಂಗಳಗಳ ಮೇಲೆ ಬಿದ್ದ ಮಳೆ ನೆಲಕ್ಕೆ ಇಂಗದೆ ಇಳಿಜಾರಿನತ್ತ ಓಡುತ್ತದೆ. ನಗರದ ದಕ್ಷಿಣ ಭಾಗದ ಚರಂಡಿಗಳು ದಳವಾಯಿ ಕೆರೆಯ ಕಡೆಗೆ ಸಾಗುತ್ತವೆ. ಪಕ್ಕದ ಶ್ರೀರಾಂಪುರ 2020ರಲ್ಲಿ ಪಟ್ಟಣ ಪಂಚಾಯಿತಿಯಾಗುವವರೆಗೆ ಗ್ರಾಮ ಪಂಚಾಯಿತಿಯೇ ಆಗಿತ್ತು. ಅಲ್ಲಿನ ಎಷ್ಟೋ ನಿವೇಶನಗಳ ಖಾತೆ ನಮ್ಮಂತಹವರ ಸಭೆಗಳಲ್ಲಿಯೇ ಆದವು. ಇಂದು ನಗರದ ಅಂಚಿನಲ್ಲಿರುವ ಪಂಚಾಯಿತಿಗಳೂ ಅದೇ ಸ್ಥಿತಿಯಲ್ಲಿವೆ. ಮೇಲಿನ ಬಡಾವಣೆ ಬೆಳೆದಂತೆಲ್ಲ ಕೆಳಗಿನ ಹಳ್ಳದ ನೀರು ಹೆಚ್ಚುತ್ತದೆ. ಹತ್ತು ವರ್ಷ ಒಣಗಿದ್ದ ನಿವೇಶನ ಎಂಬ ಮಾತಿಗೆ ಇಲ್ಲಿ ಬೆಲೆ ಕಡಿಮೆ.

“ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ” ಎಂಬ ಮಾತು ತಪ್ಪು ತಿಳಿವಳಿಕೆಗೆ ದಾರಿಮಾಡಿದೆ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಅದರ ಅರ್ಥವಲ್ಲ. ಪ್ರತಿ ವರ್ಷವೂ ಅದು ಬರುವ ಸಂಭವ ಶೇ 1 ಎಂದಷ್ಟೇ ಅರ್ಥ. 30 ವರ್ಷಗಳ ಗೃಹಸಾಲದ ಅವಧಿಗೆ ಲೆಕ್ಕ ಹಾಕಿದರೆ ಅದು ಸುಮಾರು ಶೇ 26 ಆಗುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2008ರ ಮಾರ್ಗಸೂಚಿಯು ವಾಸದ ಪ್ರದೇಶಗಳು 25 ವರ್ಷದ ಪ್ರವಾಹ ಮಟ್ಟಕ್ಕಿಂತ ಮೇಲಿರಬೇಕು ಎನ್ನುತ್ತದೆ. ಆ ಮಟ್ಟದಲ್ಲಿಯೇ ಕಟ್ಟಿದ ಮನೆಗೆ ಅದೇ 30 ವರ್ಷಗಳಲ್ಲಿ ಒಮ್ಮೆಯಾದರೂ ನೀರು ತಲುಪುವ ಸಂಭವ ಸುಮಾರು ಶೇ 71. ಆದ್ದರಿಂದ ಇದನ್ನು ಕನಿಷ್ಠ ಮಿತಿಯೆಂದು ತಿಳಿಯುವುದೇ ಸೂಕ್ತ.

ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಡಿ ಕಟ್ಟಡ ನಿರ್ಮಾಣದ ನಿಯಂತ್ರಣ ಗ್ರಾಮ ಪಂಚಾಯಿತಿಗೆ ಸೇರಿದೆ. ಅರ್ಜಿ ಬಂದಾಗ ಮೊದಲು ಗ್ರಾಮ ನಕ್ಷೆಯನ್ನು ಬಿಚ್ಚಿ ನೋಡಬೇಕು. ಹಳ್ಳ, ಕೆರೆ, ದಾರಿಗಳಿಗೆ ಬಿಟ್ಟ ಜಮೀನು ‘ಬಿ’ ಖರಾಬು; ಅದು ಖಾಸಗಿ ಸರ್ವೆ ನಂಬರಿನೊಳಗೇ ಇದ್ದರೂ ಮನೆಗೆ ಸಲ್ಲುವುದಿಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸ್ಥಳದಲ್ಲೇ ನಿಂತು ಸರ್ವೆ ನಂಬರನ್ನೂ ಪಕ್ಕದ ಕಾಲುವೆಯನ್ನೂ ಗುರುತಿಸಬಹುದು. ಸಂದೇಹವಿದ್ದರೆ ಭೂಮಾಪಕರಿಂದ ಹದ್ದುಬಸ್ತು ಮಾಡಿಸಿ. ಮೀಸಲು ಅಂಚಿನ ವಿಷಯದಲ್ಲಿ ಒಂದು ಎಚ್ಚರಿಕೆ: ಪತ್ರಿಕೆಗಳಲ್ಲಿ ಕಾಣುವ 50, 25, 15 ಮೀಟರುಗಳ ಲೆಕ್ಕ ಬೆಂಗಳೂರಿನ ಮಹಾಯೋಜನೆಯ ರಾಜಕಾಲುವೆಗಳದು. ಇಲ್ಲಿ ನಮ್ಮ ಯೋಜನಾ ಪ್ರದೇಶದ ವಲಯ ನಿಯಮಗಳನ್ನೇ ನೋಡಬೇಕು.

ನಕ್ಷೆಯಲ್ಲಿಲ್ಲದ್ದು ಊರಿನ ಹಿರಿಯರಲ್ಲಿರುತ್ತದೆ. ಕೆರೆ ಕೋಡಿ ಬಿದ್ದಾಗ ನೀರು ಯಾವ ಓಣಿಗೆ ಇಳಿಯಿತು, ಯಾವ ಗೋಡೆಯ ಎಷ್ಟನೇ ಸಾಲಿನ ಕಲ್ಲಿನವರೆಗೆ ತೇವವಿತ್ತು ಎಂಬುದನ್ನು ಕೇಳಿ, ಪಂಚಾಯಿತಿ ಕಟ್ಟಡದ ಗೋಡೆಯಂತಹ ಸ್ಥಿರ ಸ್ಥಳದಲ್ಲಿ ಬಣ್ಣದಿಂದ ಗುರುತು ಹಾಕಿಸಿ, ವರ್ಷವನ್ನೂ ಬರೆಸಬಹುದು. ಮುಂದೆ ಪರವಾನಗಿ ಕೊಡುವಾಗ ಮನೆಯ ಪ್ಲಿಂತ್ ಆ ಗುರುತಿಗಿಂತ ಮೇಲಿರಬೇಕೆಂಬ ಷರತ್ತನ್ನು ವಿಧಿಸಿ ನಡಾವಳಿಯಲ್ಲಿ ದಾಖಲಿಸಬಹುದು. ಬಡವರ ವಸತಿ ಯೋಜನೆಗೆ ಜಾಗ ಆರಿಸುವಾಗ ಇದು ಇನ್ನೂ ಮುಖ್ಯ. ಅಗ್ಗಕ್ಕೆ ಸಿಗುವ ಜಾಗ ಬಹುಮಟ್ಟಿಗೆ ತಗ್ಗಿನ ಜಾಗವೇ ಆಗಿರುತ್ತದೆ, ಮತ್ತು ಅಲ್ಲಿಗೆ ಹೋಗುವ ಕುಟುಂಬಕ್ಕೆ ಎರಡನೆಯ ಮನೆ ಕಟ್ಟುವ ಶಕ್ತಿ ಇರುವುದಿಲ್ಲ.

ಈಗಾಗಲೇ ತಗ್ಗಿನಲ್ಲಿ ಮನೆ ಕಟ್ಟಿಕೊಂಡವರಿಗೆ ವಿಮೆಯ ವಿಷಯ ತಿಳಿಸಿ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ನೀಡುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯ ಮೂಲ ರಕ್ಷಣೆಯಲ್ಲಿಯೇ ಪ್ರವಾಹ ಮತ್ತು ಜಲಾವೃತದ ಹಾನಿ ಸೇರಿದೆ. ಪಾಲಿಸಿಯನ್ನು ಮಳೆಗಾಲಕ್ಕೆ ಮುನ್ನವೇ ಮಾಡಿಸಿಕೊಂಡು, ಮನೆಯ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಳ್ಳುವಂತೆ ಗ್ರಾಮಸಭೆಯಲ್ಲಿ ತಿಳಿಸಬಹುದು.