ವೈನ್‌ಬರ್ಗ್ ಅವರ ಕ್ಲಾರಿನೆಟ್ ಸೊನಾಟಾ: ಹುಡುಕುವ ಬಗೆ, ನುಡಿಸುವ ಬಗೆ

ಕ್ಲಾರಿನೆಟ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್. ಸಂಗೀತ ಕೇಳುವ ಅಭ್ಯಾಸವಿರುವವರಿಗೆ ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿ ನೆನಪಾಗಬಹುದು. ಅವರು ಈ ವಾದ್ಯದಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಹೆಸರು ಮಾಡಿದವರು. ಆದರೆ ವಾದ್ಯ ಹುಟ್ಟಿದ್ದು ಜರ್ಮನಿಯಲ್ಲಿ, 18ನೇ ಶತಮಾನದ ಆರಂಭದಲ್ಲಿ. ಅಲ್ಲಿಂದೀಚೆಗೆ ಯುರೋಪಿನ ಅನೇಕರು ಇದಕ್ಕಾಗಿ ಕೃತಿಗಳನ್ನು ಬರೆದರು. ಬ್ರಾಹ್ಮ್ಸ್ 1894ರಲ್ಲಿ ಬರೆದ ಎರಡು ಸೊನಾಟಾಗಳು ಎಲ್ಲ ಕ್ಲಾರಿನೆಟ್ ವಾದಕರಿಗೂ ಗೊತ್ತು. ಈ ಲೇಖನದ ವಿಷಯ ಅವಲ್ಲ. ಮ್ಯೆಚಿಸ್ವಾವ್ ವೈನ್‌ಬರ್ಗ್ ಎಂಬವರು 1945ರಲ್ಲಿ ಮಾಸ್ಕೋದಲ್ಲಿ ಬರೆದ, ಬಹುಕಾಲ ಹೊರಗಿನವರಿಗೆ ಅಷ್ಟಾಗಿ ತಿಳಿಯದೇ ಇದ್ದ ಒಂದು ಸೊನಾಟಾ ಇಲ್ಲಿನ ವಿಷಯ.

ಸೊನಾಟಾ ಎಂದರೆ ಒಂದು ವಾದ್ಯಕ್ಕಾಗಿ, ಅಥವಾ ಪಿಯಾನೋ ಜತೆ ಇನ್ನೊಂದು ವಾದ್ಯಕ್ಕಾಗಿ ಬರೆದ, ಸಾಮಾನ್ಯವಾಗಿ ಮೂರು ನಾಲ್ಕು ಭಾಗಗಳಿರುವ ಕೃತಿ. ಇದರಲ್ಲಿ ಹಾಡಿನ ಮಾತುಗಳಿಲ್ಲ, ಕಥೆ ಇಲ್ಲ. ಹಾಗಿದ್ದರೆ ಅದರ ಬಗ್ಗೆ ಸಂಶೋಧನೆ ಮಾಡುವುದು ಏನನ್ನು? ಪ್ರಾಜೆಕ್ಟ್ ಬರೆಯುವ ನಮ್ಮ ವಿದ್ಯಾರ್ಥಿಗಳಿಗೂ ಈ ಪ್ರಶ್ನೆ ಉಪಯೋಗಕ್ಕೆ ಬರುತ್ತದೆ. ಎಲ್ಲರಿಗೂ ಗೊತ್ತಿರುವ ವಿಷಯದ ಬಗ್ಗೆ ನೂರು ಪುಸ್ತಕಗಳಿರುತ್ತವೆ. ಗೊತ್ತಿಲ್ಲದ ವಿಷಯದ ಬಗ್ಗೆ ಎರಡೋ ಮೂರೋ ಇರುತ್ತವೆ, ಅವೂ ಒಂದನ್ನೊಂದು ನೋಡಿ ಬರೆದವಾಗಿರಬಹುದು.

ಮೊದಲು ವಾದ್ಯ

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ತೆರೆದ ಕೊಳವೆ, ಮುಚ್ಚಿದ ಕೊಳವೆಗಳ ಪಾಠ ಓದಿದವರಿಗೆ ಕ್ಲಾರಿನೆಟ್ ಅರ್ಥ ಮಾಡಿಕೊಳ್ಳುವುದು ಸುಲಭ. ಪಾಶ್ಚಾತ್ಯ ಕೊಳಲು (ಫ್ಲೂಟ್) ಮತ್ತು ಕ್ಲಾರಿನೆಟ್ ಎರಡರ ಉದ್ದವೂ ಹೆಚ್ಚುಕಡಿಮೆ ಒಂದೇ, ಸುಮಾರು 66 ಸೆಂ.ಮೀ. ಆದರೂ ಫ್ಲೂಟಿನ ಅತಿ ಕೆಳಗಿನ ಸ್ವರ ಸುಮಾರು 262 ಹರ್ಟ್ಸ್, ಕ್ಲಾರಿನೆಟ್‌ನದು ಸುಮಾರು 147 ಹರ್ಟ್ಸ್. ಕಾರಣ ಇಷ್ಟೇ: ಫ್ಲೂಟ್ ಎರಡೂ ಕಡೆ ತೆರೆದ ಕೊಳವೆಯಂತೆ ಕೆಲಸ ಮಾಡುತ್ತದೆ. ಕ್ಲಾರಿನೆಟ್‌ನ ಬಾಯಿಯ ತುದಿಯಲ್ಲಿ ರೀಡ್ ಇರುವುದರಿಂದ ಅದು ಒಂದು ಕಡೆ ಮುಚ್ಚಿದ ಕೊಳವೆಯಂತೆ ವರ್ತಿಸುತ್ತದೆ. ಮುಚ್ಚಿದ ಕೊಳವೆಯಲ್ಲಿ ತರಂಗದೂರ ಕೊಳವೆಯ ಉದ್ದದ ನಾಲ್ಕು ಪಟ್ಟು ಎಂಬ ಸೂತ್ರ ಇಲ್ಲಿ ಕಿವಿಗೇ ಕೇಳಿಸುತ್ತದೆ.

ಮುಚ್ಚಿದ ಕೊಳವೆಯಲ್ಲಿ ಬೆಸ ಸಂಖ್ಯೆಯ ಹಾರ್ಮೋನಿಕ್‌ಗಳು ಮಾತ್ರ ಹುಟ್ಟುತ್ತವೆ ಎಂಬುದೂ ಅದೇ ಪಾಠದಲ್ಲಿದೆ. ಆದ್ದರಿಂದ ಫ್ಲೂಟ್ ವಾದಕ ಜೋರಾಗಿ ಊದಿದರೆ ಆವರ್ತನ ಎರಡು ಪಟ್ಟಾಗುತ್ತದೆ, ಅಂದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಕ್ಲಾರಿನೆಟ್‌ನಲ್ಲಿ ಹಿಂಬದಿಯ ಕೀಲಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಆವರ್ತನ ಮೂರು ಪಟ್ಟಾಗುತ್ತದೆ. 147ರಿಂದ 440ಕ್ಕೆ ಜಿಗಿತ. ನಮ್ಮ ಸಂಗೀತದ ಮಾತಿನಲ್ಲಿ ಹೇಳಿದರೆ, ಷಡ್ಜದಿಂದ ಮೇಲಿನ ಸ್ಥಾಯಿಯ ಪಂಚಮಕ್ಕೆ. ಹೀಗಾಗಿ ಈ ವಾದ್ಯಕ್ಕೆ ಬೇರೆ ಬೇರೆ ದನಿಗಳಿವೆ. ಕೆಳಗಿನದು ಮರದ ದನಿ, ಗಾಢವಾದದ್ದು. ಮೇಲಿನದು ತಿಳಿಯಾದದ್ದು, ಪ್ರಕಾಶಮಾನವಾದದ್ದು. ಒಂದರಿಂದ ಇನ್ನೊಂದಕ್ಕೆ ಬಿರುಕು ಕೇಳಿಸದಂತೆ ದಾಟುವುದು ಕಲಿಯುವವರ ಮೊದಲ ಕಷ್ಟ. ಇದರ ಇನ್ನೊಂದು ಗುಣವೆಂದರೆ ಸ್ವರವನ್ನು ಏನೂ ಕೇಳಿಸದಷ್ಟು ಮೆಲ್ಲಗೆ ಆರಂಭಿಸಿ ದೊಡ್ಡದು ಮಾಡಬಹುದು, ಹಾಗೆಯೇ ಮೌನಕ್ಕೆ ಇಳಿಸಬಹುದು. ವೈನ್‌ಬರ್ಗ್ ಅವರಿಗೆ ಈ ಗುಣಗಳೆಲ್ಲ ಚೆನ್ನಾಗಿ ಗೊತ್ತಿದ್ದವು.

ಬರೆದವರು ಯಾರು

ವೈನ್‌ಬರ್ಗ್ 1919ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದರು. ತಂದೆ ಯಿಡ್ಡಿಷ್ ಭಾಷೆಯ ನಾಟಕ ಮಂದಿರಗಳಲ್ಲಿ ಪಿಟೀಲು ನುಡಿಸುತ್ತಿದ್ದವರು, ಸಂಗೀತ ನಿರ್ದೇಶಕರು. ಮಗ ಚಿಕ್ಕ ವಯಸ್ಸಿನಲ್ಲೇ ಅಲ್ಲಿ ಪಿಯಾನೋ ನುಡಿಸಲು ಕುಳಿತ. ಮುಂದೆ ವಾರ್ಸಾ ಸಂಗೀತ ಶಾಲೆಯಲ್ಲಿ ಪಿಯಾನೋ ಕಲಿತ.

1939ರ ಸೆಪ್ಟೆಂಬರಿನಲ್ಲಿ ನಾಜಿ ಸೇನೆ ಪೋಲೆಂಡಿನ ಮೇಲೆ ದಾಳಿ ಮಾಡಿದಾಗ ವೈನ್‌ಬರ್ಗ್ ಪೂರ್ವಕ್ಕೆ ಓಡಿ ಸೋವಿಯತ್ ಗಡಿ ದಾಟಿದರು. ತಂದೆ, ತಾಯಿ, ತಂಗಿ ಹಿಂದೆ ಉಳಿದರು. ಮಿನ್ಸ್ಕ್ ನಗರದಲ್ಲಿ ಸಂಗೀತ ರಚನೆ ಕಲಿತು ಮುಗಿಸುವಷ್ಟರಲ್ಲಿ, 1941ರ ಜೂನ್‌ನಲ್ಲಿ ಯುದ್ಧ ಅಲ್ಲಿಗೂ ಬಂತು. ಮತ್ತೆ ಓಟ. ಈ ಸಲ ಮಧ್ಯ ಏಷ್ಯಾದ ತಾಷ್ಕೆಂಟಿಗೆ. ಯುದ್ಧಕಾಲದಲ್ಲಿ ಸಾವಿರಾರು ನಿರಾಶ್ರಿತರಿಗೆ ನೆಲೆ ಕೊಟ್ಟ ಆ ಉಜ್ಬೆಕ್ ನಗರದಲ್ಲಿ ಅವರಿಗೆ ಒಪೇರಾ ಮಂದಿರದಲ್ಲಿ ಕೆಲಸ ಸಿಕ್ಕಿತು. ಮದುವೆಯೂ ಆಯಿತು. ಅಲ್ಲಿಂದಲೇ ಅವರ ಮೊದಲ ಸಿಂಫನಿಯ ಸ್ವರಲಿಪಿ ಪ್ರಸಿದ್ಧ ಸಂಯೋಜಕ ಷೊಸ್ತಕೊವಿಚ್ ಅವರ ಕೈಸೇರಿತು. ಅದನ್ನು ಮೆಚ್ಚಿದ ಷೊಸ್ತಕೊವಿಚ್ 1943ರಲ್ಲಿ ಅವರನ್ನು ಮಾಸ್ಕೋಗೆ ಕರೆಸಿಕೊಂಡರು. ಎರಡು ವರ್ಷಗಳ ನಂತರ ಬಂದದ್ದು ಈ ಸೊನಾಟಾ, ಅವರ 28ನೇ ಕೃತಿ.

ಮಾಸ್ಕೋದಲ್ಲಿಯೂ ನೆಮ್ಮದಿ ಇರಲಿಲ್ಲ. 1948ರ ಜನವರಿಯಲ್ಲಿ ಅವರ ಮಾವ, ಯಹೂದಿ ರಂಗಭೂಮಿಯ ಹೆಸರಾಂತ ನಟ ಮಿಖೊಯೆಲ್ಸ್ ಅವರನ್ನು ಸ್ಟಾಲಿನ್ ಸರ್ಕಾರ ಕೊಲ್ಲಿಸಿತು. 1953ರ ಫೆಬ್ರವರಿಯಲ್ಲಿ ವೈನ್‌ಬರ್ಗ್ ಅವರನ್ನೇ ಬಂಧಿಸಲಾಯಿತು. ಬಂಧಿತನ ಪರವಾಗಿ ಬಾಯಿ ಬಿಟ್ಟವರೂ ಬಂಧನಕ್ಕೆ ಒಳಗಾಗಬಹುದಾದ ಆ ಕಾಲದಲ್ಲಿ ಷೊಸ್ತಕೊವಿಚ್ ತಮ್ಮ ಗೆಳೆಯನ ಪರವಾಗಿ ಅಧಿಕಾರಿ ಬೆರಿಯಾಗೆ ಪತ್ರ ಬರೆದರು. ಮಾರ್ಚ್ 5ರಂದು ಸ್ಟಾಲಿನ್ ಸತ್ತ ಮೇಲೆ, ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ಆಮೇಲೆ ಅವರು 1996ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದರು. ಅವರ ಕೃತಿಗಳ ಸಂಖ್ಯೆ 150 ದಾಟುತ್ತದೆ. ಅವುಗಳಲ್ಲಿ 17 ತಂತಿವಾದ್ಯ ಚತುಷ್ಟಯಗಳಿವೆ. 1957ರ ಪ್ರಸಿದ್ಧ ಚಿತ್ರ ‘ದ ಕ್ರೇನ್ಸ್ ಆರ್ ಫ್ಲೈಯಿಂಗ್’ ಸಂಗೀತವೂ ಅವರದೇ.

ಹುಡುಕಾಟದಲ್ಲಿ ಎದುರಾಗುವ ಮೂರು ಗಂಟುಗಳು

ಮೊದಲನೆಯದು ಹೆಸರು. ಇವರ ಹೆಸರನ್ನು ಪೋಲಿಷ್, ರಷ್ಯನ್, ಜರ್ಮನ್ ರೀತಿಗಳಲ್ಲಿ ಬೇರೆ ಬೇರೆಯಾಗಿ ಬರೆಯುತ್ತಾರೆ. ಸೋವಿಯತ್ ದಾಖಲೆಗಳಲ್ಲಿ ಅವರು ಮೊಯಿಸೇ ವೈನ್‌ಬರ್ಗ್. ಗ್ರಂಥಾಲಯದ ಪಟ್ಟಿಯಲ್ಲಿ ‘ಡಬ್ಲ್ಯು’ ಅಕ್ಷರದ ಕೆಳಗೆ ಹುಡುಕಿದವರಿಗೆ ‘ವಿ’ ಅಕ್ಷರದ ಕೆಳಗಿರುವ ಹಳೆಯ ಧ್ವನಿಮುದ್ರಿಕೆ ಸಿಗುವುದಿಲ್ಲ. ನಮ್ಮಲ್ಲಿ ಮೊಹಮ್ಮದ್ ಎಂಬ ಒಂದೇ ಹೆಸರು ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್‌ಗಳಲ್ಲಿ ಮೂರು ಬಗೆಯ ಇಂಗ್ಲಿಷ್ ಕಾಗುಣಿತ ಪಡೆದು ತೊಂದರೆ ಕೊಡುವುದು ಎಲ್ಲರಿಗೂ ಗೊತ್ತು. ಇದು ಅದೇ ತೊಂದರೆ.

ಎರಡನೆಯದು ದಿನಾಂಕ. ಬಹಳ ಪುಸ್ತಕಗಳಲ್ಲಿ ಅವರ ಜನ್ಮದಿನ 1919ರ ಡಿಸೆಂಬರ್ 8 ಎಂದಿದೆ. ಅದೇ ವರ್ಷದ ಜನವರಿ 12 ಎಂದು ಹೇಳುವ ಪೋಲಿಷ್ ದಾಖಲೆಗಳೂ ಇವೆ. ಹೆಚ್ಚು ಪುಸ್ತಕಗಳಲ್ಲಿರುವುದೇ ಸರಿ ಎಂದು ಮತ ಎಣಿಸಿ ತೀರ್ಮಾನಿಸಲು ಬರುವುದಿಲ್ಲ. ಇಪ್ಪತ್ತು ಪುಸ್ತಕಗಳು ಒಂದೇ ಪುಸ್ತಕವನ್ನು ನಕಲು ಮಾಡಿದ್ದರೆ ಸಾಕ್ಷಿ ಒಂದೇ. ಹದೀಸ್ ವಿದ್ವಾಂಸರು ಮಾತನ್ನು ಒಪ್ಪುವ ಮೊದಲು ಅದು ಯಾರಿಂದ ಯಾರಿಗೆ ಬಂತು ಎಂಬ ಇಸ್ನಾದ್‌ನ ಸರಪಳಿಯನ್ನು ಪರೀಕ್ಷಿಸುತ್ತಿದ್ದರು. ಆ ಶಿಸ್ತು ಯಾವ ವಿಷಯದ ಸಂಶೋಧನೆಗೂ ಹೊಂದುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ವೈನ್‌ಬರ್ಗ್ ಅವರ ತಂದೆ, ತಾಯಿ, ತಂಗಿ ಮೂವರನ್ನೂ ನಾಜಿಗಳು ಟ್ರಾವ್ನಿಕಿ ಶಿಬಿರದಲ್ಲಿ ಕೊಂದರು. ಸೊನಾಟಾ ಯುದ್ಧ ಮುಗಿದ 1945ರದು, ಅದರ ಕೊನೆಯ ಭಾಗ ದುಃಖದ್ದು. ಆದ್ದರಿಂದ ‘ಇದು ಕೊಲೆಯಾದ ಕುಟುಂಬಕ್ಕಾಗಿ ಬರೆದ ಶೋಕಗೀತೆ’ ಎಂದು ಹೇಳಿಬಿಡುವ ಆಸೆ ಯಾರಿಗೂ ಬರುತ್ತದೆ. ಆದರೆ ತಮ್ಮವರಿಗೆ ನಿಜವಾಗಿ ಏನಾಯಿತು ಎಂಬುದು ವೈನ್‌ಬರ್ಗ್ ಅವರಿಗೆ ಖಚಿತವಾಗಿ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಸೊನಾಟಾ ಬರೆಯುವಾಗ ಅವರ ಮನಸ್ಸಿನಲ್ಲಿ ಭಯವಿತ್ತೋ, ಆಸೆಯೂ ಉಳಿದಿತ್ತೋ, ಸ್ವರಲಿಪಿ ಅದನ್ನು ಹೇಳುವುದಿಲ್ಲ. ಕೃತಿಯ ಹೆಸರು ಬರೀ ಸೊನಾಟಾ. ವಾರ್ಸಾ ಘೆಟ್ಟೋದಲ್ಲಿ ಸತ್ತವರನ್ನು ಹೆಸರಿಸಬೇಕೆನಿಸಿದಾಗ ಅವರೇ ಹಾಗೆ ಮಾಡಿದ್ದಾರೆ: 1991ರ 21ನೇ ಸಿಂಫನಿಗೆ ಯಹೂದಿಗಳ ಪ್ರಾರ್ಥನೆಯಾದ ‘ಕದ್ದಿಷ್’ ಎಂದು ಹೆಸರಿಟ್ಟು ಆ ಮೃತರಿಗೆ ಅರ್ಪಿಸಿದರು. ಅವರು ಹೇಳಿದ್ದನ್ನು ಹೇಳೋಣ, ಹೇಳದ್ದನ್ನು ಅವರ ಬಾಯಲ್ಲಿ ಇಡುವುದು ಬೇಡ. ಕಾಯುತ್ತಿದ್ದ ಮನುಷ್ಯನನ್ನು ಶೋಕಿಸುತ್ತಿದ್ದವನೆಂದು ಬರೆದರೆ ಅವನ ಕಾಯುವಿಕೆಯನ್ನೇ ಅಳಿಸಿದಂತಾಗುತ್ತದೆ.

ಸ್ವರಲಿಪಿ ತೋರಿಸುವುದು

ಸೊನಾಟಾದಲ್ಲಿ ಮೂರು ಭಾಗಗಳು: ಅಲೆಗ್ರೊ, ಅಲೆಗ್ರೆಟ್ಟೊ, ಅಡಾಜಿಯೊ. ಪೂರ್ತಿ ನುಡಿಸಲು ಸುಮಾರು 20 ನಿಮಿಷ ಬೇಕು. ಮೊದಲ ಎರಡು ಪದಗಳು ಚುರುಕಿನ ನಡೆಯನ್ನು, ಮೂರನೆಯದು ನಿಧಾನ ನಡೆಯನ್ನು ಸೂಚಿಸುತ್ತವೆ. ಸಾಮಾನ್ಯವಾಗಿ ಸೊನಾಟಾಗಳು ನಿಧಾನದ ಭಾಗವನ್ನು ನಡುವೆ ಇಟ್ಟು ವೇಗದಲ್ಲಿ ಮುಗಿಯುತ್ತವೆ, ಕೇಳುಗರು ಚಪ್ಪಾಳೆ ತಟ್ಟಲು ಸಿದ್ಧರಾಗಿರುತ್ತಾರೆ. ಇಲ್ಲಿ ಹಾಗಿಲ್ಲ. ಅತ್ಯಂತ ಭಾರವಾದ, ನಿಧಾನವಾದ ಮಾತು ಕೊನೆಗೆ ಬರುತ್ತದೆ.

ಕೃತಿಯುದ್ದಕ್ಕೂ ಯಹೂದಿ ಜನಪದ ಸಂಗೀತದ ಛಾಯೆ ಇದೆ. ಪೂರ್ವ ಯುರೋಪಿನ ಯಹೂದಿಗಳ ಮದುವೆಗಳಲ್ಲಿ ನುಡಿಸುತ್ತಿದ್ದ ಈ ಸಂಗೀತಕ್ಕೆ ಕ್ಲೆಜ್ಮರ್ ಎಂದು ಹೆಸರು. ಅದರಲ್ಲಿ ಕ್ಲಾರಿನೆಟ್ ಮುಖ್ಯ ವಾದ್ಯ. ಮದುವೆಯ ವಾದ್ಯವಾಗಿ ಅದು ನಮ್ಮಲ್ಲಿ ಮಾತ್ರ ಬೆಳೆದದ್ದಲ್ಲ ಎಂದಾಯಿತು. ಕ್ಲೆಜ್ಮರ್‌ನಲ್ಲಿ ಪದೇ ಪದೇ ಕೇಳುವ ಒಂದು ಸ್ವರಶ್ರೇಣಿ ಕರ್ನಾಟಕ ಸಂಗೀತದ ವಕುಳಾಭರಣದ ಸ್ವರಗಳಿಗೆ ಸರಿಹೊಂದುತ್ತದೆ. ಅರಬ್ ಸಂಗೀತದ ಹಿಜಾಜ್ ಮಕಾಮ್‌ಗೂ ಅದು ಹತ್ತಿರ. ಅಝಾನ್ ಕರೆಯನ್ನು ಹಿಜಾಜ್‌ನಲ್ಲಿ ಕೇಳಿದವರಿಗೆ ರಿಷಭದಿಂದ ಗಾಂಧಾರಕ್ಕೆ ಇರುವ ಆ ಅಗಲವಾದ ಹೆಜ್ಜೆ ಅಪರಿಚಿತವಲ್ಲ.

ನುಡಿಸುವವರಿಗೆ

ಸ್ವರಲಿಪಿಯನ್ನು ದೊರಕಿಸಿಕೊಳ್ಳುವುದು ಮೊದಲ ಕೆಲಸ. ಬ್ರಾಹ್ಮ್ಸ್ ಕೃತಿಗಳಂತೆ ಇದು ಎಲ್ಲರಿಗೂ ಮುಕ್ತವಾದದ್ದಲ್ಲ. ಭಾರತದಲ್ಲಿ ರಚನಕಾರರ ಮರಣಾನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಅಂದರೆ ಇದಕ್ಕೆ 2056ರ ಕೊನೆಯವರೆಗೆ. ಕೊಳ್ಳಬೇಕು, ಅಥವಾ ಗ್ರಂಥಾಲಯದಿಂದ ಎರವಲು ಪಡೆಯಬೇಕು.

ಎರಡನೆಯದಾಗಿ, ಕ್ಲಾರಿನೆಟ್‌ನ ಹಾಳೆಯನ್ನು ಮಾತ್ರ ನೋಡಿ ಅಭ್ಯಾಸ ಮಾಡಬಾರದು. ವೈನ್‌ಬರ್ಗ್ ಸ್ವತಃ ಉತ್ತಮ ಪಿಯಾನೋ ವಾದಕರು. ಇಲ್ಲಿ ಪಿಯಾನೋ ಹಿಂಬದಿಯ ಪಕ್ಕವಾದ್ಯವಲ್ಲ, ಸಮಾನ ಪಾಲುದಾರ. ಎರಡೂ ಸಾಲುಗಳಿರುವ ಪಿಯಾನೋ ಪ್ರತಿಯನ್ನು ಓದಿಕೊಂಡರೆ ತಾನು ಎಲ್ಲಿ ಮಾತಾಡಬೇಕು, ಎಲ್ಲಿ ಕೇಳಿಸಿಕೊಳ್ಳಬೇಕು ಎಂದು ತಿಳಿಯುತ್ತದೆ. ಒಂದು ತೊಡಕೂ ಇದೆ: ಬಿ-ಫ್ಲ್ಯಾಟ್ ಕ್ಲಾರಿನೆಟ್‌ನಲ್ಲಿ ‘ಸಿ’ ಎಂದು ಬರೆದದ್ದನ್ನು ನುಡಿಸಿದರೆ ಕೇಳುವುದು ಬಿ-ಫ್ಲ್ಯಾಟ್. ತಾಲೀಮಿನಲ್ಲಿ ಒಬ್ಬರು ಹೇಳುವ ಸ್ವರ ಇನ್ನೊಬ್ಬರ ಹಾಳೆಯಲ್ಲಿ ಬೇರೆಯಾಗಿರುತ್ತದೆ.

ಮೂರನೆಯದು ಶೈಲಿ. ಕ್ಲೆಜ್ಮರ್ ವಾದಕರು ಸ್ವರವನ್ನು ಬಗ್ಗಿಸುತ್ತಾರೆ, ಬಿಕ್ಕಿದಂತೆ ಮುರಿಯುತ್ತಾರೆ. ಅದರ ಎಷ್ಟು ಪಾಲನ್ನು ಇಲ್ಲಿ ತರಬೇಕು? ತೀರಾ ಬಿಟ್ಟರೆ ಸಂಗೀತಕ್ಕೆ ಊರೇ ಇಲ್ಲದಂತಾಗುತ್ತದೆ. ಎಲ್ಲ ಕಡೆ ಸೇರಿಸಿದರೆ ಅಣಕವಾಗುತ್ತದೆ. ಬರೆದದ್ದನ್ನು ಬರೆದಂತೆ ಮೊದಲು ಕಲಿತು, ಆಮೇಲೆ ನಿಜವಾದ ಕ್ಲೆಜ್ಮರ್ ಕೇಳಿ, ಎಲ್ಲಿ ಅದು ತಾನಾಗಿ ಬರುತ್ತದೋ ಅಲ್ಲಿ ಸ್ವಲ್ಪ ಬಿಡುವುದು ಸುರಕ್ಷಿತ ದಾರಿ. ಇತರರ ಧ್ವನಿಮುದ್ರಿಕೆಗಳನ್ನು ಕೊನೆಗೆ ಕೇಳುವುದು ಒಳ್ಳೆಯದು, ಕೇಳಿದರೆ ಎರಡು ಮೂರನ್ನಾದರೂ ಕೇಳಬೇಕು. ಒಂದನ್ನೇ ಕೇಳಿದವರು ಅದನ್ನೇ ಅನುಕರಿಸುತ್ತಾರೆ.

ನಾಲ್ಕನೆಯದು ಕೊನೆಯ ಅಡಾಜಿಯೊ. ಉಸಿರು ಮತ್ತು ತುಟಿ ದಣಿದ ಮೇಲೆಯೇ ಅತಿ ಮೆಲುದನಿಯ, ಉದ್ದ ಉಸಿರಿನ ಕೆಲಸ ಬರುತ್ತದೆ. ಆದ್ದರಿಂದ ಆ ಭಾಗವನ್ನು ಬಿಡಿಯಾಗಿ ಅಭ್ಯಾಸ ಮಾಡಿದರೆ ಸಾಲದು. ಮೊದಲೆರಡು ಭಾಗಗಳನ್ನು ಪೂರ್ತಿ ನುಡಿಸಿ, ನಿಲ್ಲಿಸದೆ ಅದಕ್ಕೆ ಬರಬೇಕು. ಕೊನೆಯ ಸ್ವರ ಮುಗಿದ ಮೇಲೆ ವಾದ್ಯವನ್ನು ತಕ್ಷಣ ಕೆಳಗಿಳಿಸದೆ ಸ್ವಲ್ಪ ಹೊತ್ತು ನಿಂತರೆ ಕೇಳುಗರಿಗೂ ಅದು ಮುಕ್ತಾಯವೆಂದು ಅರ್ಥವಾಗುತ್ತದೆ.

ಇನ್ನು ಉಳಿದದ್ದು ಕೇಳುಗರ ಕೈಗೆ ಕೊಡುವ ಅರ್ಧ ಪುಟದ ಟಿಪ್ಪಣಿ. ಅದರಲ್ಲಿ ಹುಟ್ಟಿದ ವರ್ಷ, ಓಡಿಬಂದ ಊರುಗಳು, ಬರೆದ ವರ್ಷ, ಮೂರು ಭಾಗಗಳ ಹೆಸರು, ನಿಧಾನದ ಭಾಗ ಕೊನೆಗೆ ಬರುತ್ತದೆ ಎಂಬ ಸೂಚನೆ ಇದ್ದರೆ ಸಾಕು. ಕುಟುಂಬದ ಸಂಗತಿಯನ್ನೂ ಬರೆಯಬಹುದು, ಅದು ಅವರಿಗೆ ಯಾವಾಗ ತಿಳಿಯಿತು ಎಂಬುದನ್ನು ಅದರ ಪಕ್ಕದಲ್ಲೇ ಬರೆಯಬೇಕು. ಮಿಕ್ಕದ್ದನ್ನು ಕೇಳುಗರು ತಾವೇ ಕೇಳಿಸಿಕೊಳ್ಳುತ್ತಾರೆ.